ಜ್ವರ ಬಿಟ್ಟ ಮೇಲೆ ಉಳಿಯುವ ಸಾಲ

(ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ, ಮಲೇರಿಯಾ ಮತ್ತು ಎಳೆಯ ಮಕ್ಕಳ ಬೆಳವಣಿಗೆಯನ್ನು ಕುರಿತು ಮಾಡಿದ ಭಾಷಣದ ಪಾಠ)



ಇಂದಿನ ವಿಷಯ ಮಲೇರಿಯಾ. ನಮ್ಮ ಹಿರಿಯರು ಚಳಿಜ್ವರ ಎಂದು ಕರೆಯುತ್ತಿದ್ದ ರೋಗ. ‘ಆ ಜ್ವರ ನಮ್ಮ ಊರಲ್ಲಿ ಈಗೆಲ್ಲಿದೆ, ಅದರ ಮೇಲೆ ಭಾಷಣವೇಕೆ?’ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಉತ್ತರವನ್ನು ಕೊನೆಯ ಭಾಗದಲ್ಲಿ ಹೇಳುತ್ತೇನೆ. ಮೊದಲು, ಆ ಜ್ವರ ಇಂದಿಗೂ ಮನೆ ಮಾಡಿಕೊಂಡಿರುವ ನಾಡುಗಳ ಕಡೆಗೆ ಒಮ್ಮೆ ಹೋಗಿಬರೋಣ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2023ನೇ ಇಸವಿಯಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ 30 ಲಕ್ಷ ಸಲ ಮಲೇರಿಯಾ ಬಂದಿತು. 5 ಲಕ್ಷ 97 ಸಾವಿರ ಜನ ಸತ್ತರು. ಸತ್ತವರಲ್ಲಿ ನೂರಕ್ಕೆ 95 ಮಂದಿ ಆಫ್ರಿಕದವರು. ಆಫ್ರಿಕದಲ್ಲಿ ಸತ್ತವರಲ್ಲಿ ನೂರಕ್ಕೆ 76ರಷ್ಟು ಐದು ವರ್ಷ ತುಂಬದ ಮಕ್ಕಳು. ಕೇಳಿದರೆ ಎದೆ ಒಡೆಯುವ ಸಂಖ್ಯೆ. ಆದರೆ ಇಪ್ಪತ್ತಾರು ಕೋಟಿಗೂ ಆರು ಲಕ್ಷಕ್ಕೂ ಇರುವ ಅಂತರವನ್ನು ಸ್ವಲ್ಪ ಗಮನಿಸಿ. ಜ್ವರ ಬಂದವರಲ್ಲಿ ಬಹುಪಾಲು ಬದುಕಿಕೊಳ್ಳುತ್ತಾರೆ. ಪತ್ರಿಕೆಗಳಲ್ಲಿ ಸತ್ತವರ ಸಂಖ್ಯೆ ಅಚ್ಚಾಗುತ್ತದೆ. ಬದುಕಿದ ಮಗು ಹೇಗಿದೆ ಎಂದು ವಿಚಾರಿಸುವವರು ಕಡಿಮೆ. ನಾನು ಇಂದು ಮಾತಾಡಲಿರುವುದು ಆ ಬದುಕಿದ ಮಗುವಿನ ವಿಷಯ. ವರ್ಷಕ್ಕೆ ಎರಡು ಮೂರು ಸಲ ಜ್ವರ ಬಂದು, ಅಷ್ಟು ಸಲವೂ ಬಿಟ್ಟು, ಎರಡು ವರ್ಷ ತುಂಬುವ ಹೊತ್ತಿಗೆ ರಕ್ತದಲ್ಲಿಯೂ ತೂಕದಲ್ಲಿಯೂ ಓರಗೆಯವರಿಗಿಂತ ಹಿಂದೆ ಬಿದ್ದ ಮಗುವಿನ ವಿಷಯ.

ಎಳೆಯ ಮಗುವಿನ ಬೆಳವಣಿಗೆಯೆಂಬುದು ಎಂತಹ ಅವಸರದ ಕೆಲಸವೆಂಬುದನ್ನು ನಾವು ಮನೆಯಲ್ಲೇ ಕಾಣುತ್ತೇವೆ, ಆದರೆ ಲೆಕ್ಕ ಹಾಕುವುದಿಲ್ಲ. ಮೂರು ಕಿಲೋ ತೂಗುತ್ತ ಹುಟ್ಟಿದ ಕೂಸು ಐದು ತಿಂಗಳ ಸುಮಾರಿಗೆ ಅದರ ಎರಡರಷ್ಟಾಗುತ್ತದೆ, ವರ್ಷ ತುಂಬುವಾಗ ಮೂರರಷ್ಟಾಗುತ್ತದೆ. ಹುಟ್ಟುವಾಗ 50 ಸೆಂಟಿಮೀಟರ್ ಇದ್ದ ಉದ್ದ ವರ್ಷದಲ್ಲಿ 75ಕ್ಕೆ ಏರುತ್ತದೆ. ಎರಡು ವರ್ಷದ ಮಗು, ತಾನು ಮುಂದೆ ದೊಡ್ಡವನಾದಾಗ ಎಷ್ಟು ಎತ್ತರವಾಗಬೇಕೋ ಅದರ ಹೆಚ್ಚುಕಡಮೆ ಅರ್ಧವನ್ನು ಆಗಲೇ ಮುಗಿಸಿರುತ್ತದೆ. ಮಿದುಳು ಬೆಳೆಯುವುದೂ ಇದೇ ಕಾಲದಲ್ಲಿ. ಇಷ್ಟು ವೇಗದ ಬೆಳವಣಿಗೆ ಆಯುಷ್ಯದಲ್ಲಿ ಮತ್ತೊಮ್ಮೆ ಬಾರದು. ಗಿರಣಿಯ ಮಾತಿನಲ್ಲಿ ಹೇಳುವುದಾದರೆ ಯಂತ್ರಗಳೆಲ್ಲ ಮೂರು ಪಾಳಿಯೂ ಪೂರ್ಣ ವೇಗದಲ್ಲಿ ಓಡುವ ಕಾಲ ಇದು. ಮಲೇರಿಯಾ ಬರುವುದು ಸರಿಯಾಗಿ ಈ ಕಾಲದಲ್ಲಿ.

ಬಂದು ಮಾಡುವುದೇನು? ಸೊಳ್ಳೆಯ ಎಂಜಲಿನೊಡನೆ ಒಳಹೊಕ್ಕ ರೋಗಾಣು ಮೊದಲು ಪಿತ್ತಜನಕಾಂಗದಲ್ಲಿ ಅಡಗಿ ಕುಳಿತು ಸಾವಿರಾರಾಗಿ, ಬಳಿಕ ರಕ್ತಕ್ಕೆ ಇಳಿಯುತ್ತದೆ. ಕೆಂಪು ರಕ್ತಕಣದೊಳಗೆ ಕುಳಿತು, ನಮ್ಮ ಉಸಿರನ್ನು ಮೈಗೆಲ್ಲ ಹೊತ್ತು ತರುವ ಕೆಂಪು ವಸ್ತುವನ್ನೇ ತಿಂದು ಬಾಳುತ್ತದೆ. ಸುಮಾರು ಎರಡು ದಿನಕ್ಕೊಮ್ಮೆ ಆ ಕಣ ಒಡೆದು ಹೊಸ ರೋಗಾಣುಗಳು ಹೊರಬೀಳುತ್ತವೆ. ಆಗಲೇ ನಡುಕ, ಆಗಲೇ ಜ್ವರ. ಒಡೆದ ಕಣಗಳಷ್ಟೇ ನಷ್ಟವಾಗಿದ್ದರೆ ಹೇಗೋ ತುಂಬಿಕೊಳ್ಳಬಹುದಿತ್ತು. ರಕ್ತವನ್ನು ಸೋಸುವ ಗುಲ್ಮವು ಊದಿಕೊಂಡು, ರೋಗ ತಾಗದ ಒಳ್ಳೆಯ ಕಣಗಳನ್ನೂ ಹಿಡಿದು ನಾಶ ಮಾಡುತ್ತದೆ. ಹೊಸ ರಕ್ತ ತಯಾರಾಗಬೇಕಾದ ಮೂಳೆಯ ಮಜ್ಜೆಯೂ ಜ್ವರದ ಕಾಲದಲ್ಲಿ ಮಂಕಾಗುತ್ತದೆ. ಹೀಗೆ ಮಾಲು ಹಾಳಾಗುವುದೂ ಹೊಸ ಮಾಲು ಬಾರದಿರುವುದೂ ಒಟ್ಟಿಗೆ. ಹಳೆಯ ಕಾಲದವರು ಮಗುವಿನ ಎಡಪಕ್ಕೆಯ ಕೆಳಗೆ ಕೈಗೆ ಸಿಗುತ್ತಿದ್ದ ಗಟ್ಟಿಯನ್ನು ‘ಜ್ವರಗಡ್ಡೆ’ ಎನ್ನುತ್ತಿದ್ದರಲ್ಲ, ಅದು ಊದಿಕೊಂಡ ಈ ಗುಲ್ಮವೇ. ಹೊಟ್ಟೆ ಮುಂದಕ್ಕೆ ಬಂದು, ಕೈಕಾಲು ಕಡ್ಡಿಯಾಗಿ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡ ಮಕ್ಕಳನ್ನು ಇಲ್ಲಿಯ ವೃದ್ಧರಲ್ಲಿ ಕೆಲವರಾದರೂ ಕಂಡಿರಬೇಕು.

ಇನ್ನು ಜ್ವರದ ಖರ್ಚು. ಮೈಯ ಬಿಸಿ ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದರೆ, ದೇಹವು ಸುಮ್ಮನೆ ಮಲಗಿದ್ದಾಗಲೂ ಉರಿಸುವ ಆಹಾರ ನೂರಕ್ಕೆ ಹತ್ತಕ್ಕೂ ಮಿಕ್ಕು ಹೆಚ್ಚುತ್ತದೆ. ಒಲೆ ಜೋರಾಗಿ ಉರಿಯುವ ಈ ಹೊತ್ತಿಗೇ ಸೌದೆ ಬರುವುದು ನಿಲ್ಲುತ್ತದೆ. ಮಗು ಊಟ ಬಿಡುತ್ತದೆ, ಮೊಲೆಹಾಲನ್ನೂ ಅರ್ಧಕ್ಕೆ ಬಿಟ್ಟು ಮುಖ ತಿರುಗಿಸುತ್ತದೆ, ಕುಡಿದದ್ದನ್ನು ಕಕ್ಕುತ್ತದೆ. ಆಗ ದೇಹವು ತನ್ನ ಮಾಂಸವನ್ನೇ ಕರಗಿಸಿ ಉರಿಸಿಕೊಳ್ಳುತ್ತದೆ. ಮೂಳೆಗೆ ‘ಬೆಳೆ’ ಎಂದು ಹೇಳುವ ರಸಗಳೂ ರೋಗದ ಉರಿಯಲ್ಲಿ ಕುಗ್ಗುತ್ತವೆ.

ಈಚಿನ ವರ್ಷಗಳಲ್ಲಿ ತಿಳಿದುಬಂದ ಮತ್ತೊಂದು ಸಂಗತಿಯಿದೆ. ರೋಗಾಣುವಿಗೆ ಕಬ್ಬಿಣಾಂಶ ಸಿಗದಂತೆ ಮಾಡಲು ದೇಹವು ಹೆಪ್ಸಿಡಿನ್ ಎಂಬ ರಸವನ್ನು ಸ್ರವಿಸಿ, ಊಟದಿಂದ ಕಬ್ಬಿಣಾಂಶವನ್ನು ಹೀರುವ ಕರುಳಿನ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಕಳ್ಳ ನುಗ್ಗಿದನೆಂದು ಅಂಗಡಿಯ ಬಾಗಿಲು ಹಾಕಿದರೆ ಗಿರಾಕಿಯೂ ಒಳಗೆ ಬರುವಂತಿಲ್ಲ. ಆದುದರಿಂದ ಜ್ವರದಲ್ಲಿರುವ ಮಗುವಿಗೆ ಸೊಪ್ಪು ಬೇಳೆ ತಿನ್ನಿಸಿದರೂ, ಕಬ್ಬಿಣದ ಔಷಧ ಕುಡಿಸಿದರೂ, ರಕ್ತಕ್ಕೆ ಸೇರುವುದು ಅತಿ ಸ್ವಲ್ಪ.

ಈ ಸಾಲ ಕೆಲವು ಮಕ್ಕಳ ಹೆಸರಿನಲ್ಲಿ ಹುಟ್ಟುವ ಮೊದಲೇ ಬರೆದಿರುತ್ತದೆ. ಬಸುರಿಗೆ ಮಲೇರಿಯಾ ಬಂದರೆ ರೋಗಾಣು ತುಂಬಿದ ಕಣಗಳು ಮಾಸಿನಲ್ಲಿ ಹೋಗಿ ಅಂಟಿಕೊಳ್ಳುತ್ತವೆ. ತಾಯಿಯಿಂದ ಕೂಸಿಗೆ ಅನ್ನ ಗಾಳಿ ಹೋಗುವ ದಾರಿ ಅದೊಂದೇ. ತಾಯಿಗೆ ನಡುಕವಿಲ್ಲದೆಯೂ, ಜ್ವರವೇ ಇಲ್ಲದೆಯೂ ಇದು ನಡೆಯಬಹುದು. ಹುಟ್ಟುವ ಕೂಸು ಎರಡೂವರೆ ಕಿಲೋಗಿಂತ ಕಡಿಮೆ ತೂಗುತ್ತದೆ, ಅಥವಾ ದಿನ ತುಂಬುವ ಮೊದಲೇ ಹುಟ್ಟುತ್ತದೆ. ಚೊಚ್ಚಲ ಬಸಿರಿನಲ್ಲಿ ಈ ಅಪಾಯ ಹೆಚ್ಚು. 2023ರಲ್ಲಿ ಆಫ್ರಿಕದ ಮಲೇರಿಯಾ ಸೀಮೆಗಳಲ್ಲಿ ಬಸುರಿಯರ ಪೈಕಿ ಮೂರರಲ್ಲೊಬ್ಬಳಿಗೆ ಈ ರೋಗ ತಗುಲಿತ್ತೆಂದು ಅಂದಾಜು. ‘ಕೂಸು ಬಡವಾಗಿದೆ, ತಾಯಿ ಸರಿಯಾಗಿ ನೋಡಿಕೊಂಡಿಲ್ಲ’ ಎಂದು ಬಾಯಿಗೆ ಬಂದಂತೆ ಆಡುವವರು ಇದನ್ನು ತಿಳಿದಿರಬೇಕು.

ಶೇಂಗಾ ಬೆಳೆಯುವ ಹಳ್ಳಿಗಳಲ್ಲಿ

ಈಗ ಒಂದು ಊರಿಗೆ ಹೋಗೋಣ. ಪಶ್ಚಿಮ ಆಫ್ರಿಕದಲ್ಲಿ ಗ್ಯಾಂಬಿಯಾ ಎಂಬ ಪುಟ್ಟ ದೇಶವಿದೆ. ಒಂದು ನದಿಯ ಎರಡು ದಡವೇ ಆ ದೇಶ. 1965ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಆ ದೇಶ ಹೊರಗೆ ಮಾರುತ್ತಿದ್ದ ಮುಖ್ಯ ಬೆಳೆ ಶೇಂಗಾ. ಶೇಂಗಾ ಎಂದ ಮೇಲೆ ಎಣ್ಣೆ ಗಿರಣಿಯ ಬಂಧುಗಳಿಗೂ ದಲಾಲಿ ಅಂಗಡಿಯವರಿಗೂ ನಾನು ಹೆಚ್ಚು ಹೇಳಬೇಕಾಗಿಲ್ಲ: ಬಿತ್ತನೆ ಯಾವಾಗ, ಕಳೆ ಯಾವಾಗ, ಕಾಸು ಕೈಗೆ ಬರುವುದು ಯಾವಾಗ ಎಂಬುದು ನಿಮಗೇ ಗೊತ್ತು. ಅಲ್ಲಿ ವರ್ಷಕ್ಕೆ ಒಂದೇ ಮಳೆಗಾಲ, ಜೂನ್‌ನಿಂದ ಅಕ್ಟೋಬರ್‌ವರೆಗೆ. ಹಳೆಯ ಧಾನ್ಯ ಮುಗಿದು ಹೊಸದು ಬಾರದ ತಿಂಗಳುಗಳೂ ಅವೇ. ಹೊಲದ ಕೆಲಸ ಹೆಚ್ಚುವುದೂ ಆಗಲೇ. ಗಂಡಸರು ಶೇಂಗಾ ಹೊಲಕ್ಕೆ, ಹೆಂಗಸರು ಕೆಸರಿನ ಭತ್ತದ ಗದ್ದೆಗೆ. ಕೂಸನ್ನು ಅಜ್ಜಿಯ ಬಳಿಯೋ ಅಕ್ಕನ ಸೊಂಟದ ಮೇಲೆಯೋ ಬಿಟ್ಟು ಹೋಗಬೇಕು. ಬೆಳಿಗ್ಗೆ ಕಾಯಿಸಿಟ್ಟ ಗಂಜಿ ಸಂಜೆಯವರೆಗೂ ಅದಕ್ಕೆ ಆಹಾರ. ಆ ಬಿಸಿಲಲ್ಲಿ ಗಂಜಿ ಕೆಡುತ್ತದೆ, ಮಗುವಿಗೆ ಭೇದಿ ಹತ್ತುತ್ತದೆ. ಸೊಳ್ಳೆ ಹುಟ್ಟಿ ಮಲೇರಿಯಾ ಏರುವುದೂ ಈ ಮಳೆಯ ಬೆನ್ನಿಗೇ. ಹಸಿವು, ದುಡಿಮೆ, ಭೇದಿ, ಜ್ವರ — ಈ ನಾಲ್ಕೂ ಮಗುವಿನ ಮೇಲೆ ಒಟ್ಟಿಗೆ ಬೀಳುವ ಋತು ಅದು.

ಅಲ್ಲಿಯ ಕೆನೆಬಾ ಎಂಬ ಹಳ್ಳಿಗೆ 1949–50ರ ಸುಮಾರಿನಲ್ಲಿ ಇಯಾನ್ ಮೆಕ್‌ಗ್ರೆಗರ್ ಎಂಬ ಬ್ರಿಟಿಷ್ ಡಾಕ್ಟರು ಬಂದು, ಮಕ್ಕಳನ್ನು ತೂಗುವುದಕ್ಕೂ ರಕ್ತ ಪರೀಕ್ಷಿಸುವುದಕ್ಕೂ ತೊಡಗಿದರು. 1956ರಲ್ಲಿ ಅವರೂ ಅವರ ಸಂಗಡಿಗರೂ ಪ್ರಕಟಿಸಿದ ಒಂದು ಪರೀಕ್ಷೆಯಿದೆ. ಗ್ಯಾಂಬಿಯಾದ ಕೆಲವು ಕೂಸುಗಳಿಗೆ ಹುಟ್ಟಿನಿಂದಲೇ ವಾರವಾರವೂ ಕ್ಲೋರೋಕ್ವಿನ್ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಔಷಧ ಪಡೆದ ಕೂಸುಗಳ ರಕ್ತ ಚೆನ್ನಾಗಿತ್ತು, ತೂಕವೂ ಹೆಚ್ಚು ಏರಿತು. ಮೂರನೆಯ ವರ್ಷದ ಹೊತ್ತಿಗೆ, ಬದುಕಿ ಉಳಿದ ಮಕ್ಕಳ ನಡುವೆ ಈ ಅಂತರ ಕುಗ್ಗುತ್ತ ಬಂದಿತು. ಅಷ್ಟರೊಳಗೆ ಮಗುವಿನ ಮೈಯೇ ರೋಗವನ್ನು ತಡೆಯಲು ಕಲಿತಿರುತ್ತದೆ. ಕೆಲವು ಕೂಸುಗಳಿಗೆ ಔಷಧ ಕೊಟ್ಟು ಕೆಲವನ್ನು ಹಾಗೇ ಬಿಟ್ಟು ನೋಡುವ ಪರೀಕ್ಷೆಯನ್ನು ಇಂದು ಯಾರೂ ಒಪ್ಪಲಾರರು. ಅದೂ ಪರರ ಆಳ್ವಿಕೆಯ ಕಾಲದಲ್ಲಿ, ಆ ತಾಯಂದಿರಿಗೆ ಬೇಡವೆನ್ನುವ ಧೈರ್ಯ ಎಷ್ಟಿದ್ದೀತು? ಅದನ್ನು ಹೇಳಿಯೇ ಮುಂದೆ ಹೋಗಬೇಕು.

1977ರಲ್ಲಿ ಅದೇ ಕೆನೆಬಾದಿಂದ ಮತ್ತೊಂದು ಲೆಕ್ಕ ಹೊರಬಂದಿತು. ತಿಂಗಳು ತಿಂಗಳೂ ಮಕ್ಕಳನ್ನು ತೂಗಿ ಅಳೆದು, ಯಾವ ತಿಂಗಳು ಯಾವ ಕಾಯಿಲೆ ಇತ್ತೆಂದು ಬರೆದಿಟ್ಟು ನೋಡಿದರು. ಕೆಮ್ಮು, ನೆಗಡಿ, ಕಜ್ಜಿ ಹೀಗೆ ಎಷ್ಟೋ ಕಾಯಿಲೆಗಳ ನಡುವೆ ಬೆಳವಣಿಗೆಯನ್ನು ನಿಜವಾಗಿ ತಿಂದವು ಎರಡೇ: ಭೇದಿ ಮತ್ತು ಮಲೇರಿಯಾ. ಭೇದಿ ತೂಕ ಎತ್ತರ ಎರಡನ್ನೂ ಹಿಡಿಯಿತು. ಮಲೇರಿಯಾ ಹಿಡಿದದ್ದು ಮುಖ್ಯವಾಗಿ ತೂಕವನ್ನು.

ಹಾಗಾದರೆ ಎತ್ತರಕ್ಕೂ ಮಲೇರಿಯಾಕ್ಕೂ ಸಂಬಂಧವಿಲ್ಲವೋ? ಇಲ್ಲಿ ವಿದ್ವಾಂಸರಲ್ಲಿ ಬಹಳ ಕಾಲ ಒಂದು ಜಗಳವಿತ್ತು. ಮಲೇರಿಯಾ ಇರುವ ಹಳ್ಳಿಯಲ್ಲಿ ಬಡತನವೂ ಇರುತ್ತದೆ. ಕುಳ್ಳಗೆ ಉಳಿದ ಮಗುವನ್ನು ತೋರಿಸಿ ‘ಇದು ಜ್ವರದ ಕೆಲಸ’ ಎಂದರೆ, ‘ಅಲ್ಲ, ಹಸಿವಿನ ಕೆಲಸ’ ಎಂದು ಇನ್ನೊಬ್ಬರು ಹೇಳಬಹುದು. ಎರಡನ್ನೂ ಬಿಡಿಸುವುದು ಹೇಗೆ? ಘಾನಾ ದೇಶದ ಅಶಾಂಟಿ ಸೀಮೆಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಒಂದು ಜಾಣ ಉಪಾಯ ಕಂಡುಹಿಡಿಯಿತು. ರಕ್ತಕಣ ಕುಡುಗೋಲಿನಂತೆ ಬಾಗುವ ಒಂದು ಗುಣ ತಂದೆತಾಯಿಗಳಿಂದ ಬರುತ್ತದೆ. ಇಬ್ಬರಿಂದಲೂ ಬಂದರೆ ಅದು ಕಠಿಣ ರೋಗ. ಒಬ್ಬರಿಂದ ಮಾತ್ರ ಬಂದರೆ ಮಗುವಿಗೆ ತೊಂದರೆಯಿಲ್ಲ, ಮೇಲಾಗಿ ಮಲೇರಿಯಾದಿಂದ ಒಳ್ಳೆಯ ರಕ್ಷಣೆ. ಈ ಗುಣ ಯಾವ ಮಗುವಿಗೆ ಬರುವುದೆಂಬುದು ಚೀಟಿ ಎತ್ತಿದಂತೆ. ಮನೆಯ ಸಿರಿತನ ಬಡತನ ನೋಡಿ ಬರುವುದಲ್ಲ. ಅದೇ ಊರು, ಅದೇ ಗಂಜಿ, ಅದೇ ಗುಡಿಸಲು. ಮೂರು ತಿಂಗಳ ಕೂಸುಗಳನ್ನು ಎರಡು ವರ್ಷದವರೆಗೆ ನೋಡಿಕೊಂಡು ಹೋದಾಗ, ಈ ರಕ್ಷಣೆ ಪಡೆದ ಮಕ್ಕಳಿಗೆ ಜ್ವರವೂ ಕಡಿಮೆ ಬಂದಿತ್ತು, ಅವರಲ್ಲಿ ಕುಳ್ಳಗೆ ಉಳಿದವರೂ ಕಡಿಮೆ. ಹಸಿವನ್ನು ಬದಿಗಿಟ್ಟು ನೋಡಿದರೂ ಜ್ವರ ತನ್ನ ಪಾಲನ್ನು ಕೀಳುತ್ತದೆಂಬುದು ಹೀಗೆ ಸ್ಪಷ್ಟವಾಯಿತು.

ನಮ್ಮ ದೇಶದಲ್ಲಿ ಮಾರಕ ಜಾತಿಯ ಜೊತೆಗೆ ವೈವಾಕ್ಸ್ ಎಂಬ ‘ಸೌಮ್ಯ’ ಜಾತಿಯೂ ಬಹಳವಾಗಿರುವುದರಿಂದ ಇನ್ನೊಂದು ಮಾತು. ಸೌಮ್ಯ ಎಂದು ಹೆಸರಿಟ್ಟವರು ದೊಡ್ಡವರನ್ನು ನೋಡಿ ಇಟ್ಟಿರಬೇಕು. ಶಾಂತಸಾಗರದ ವನುವಾಟು ದ್ವೀಪಗಳಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೈವಾಕ್ಸ್ ಜ್ವರ ಬಂದ ಎಳೆಯ ಮಕ್ಕಳು ಆಮೇಲಿನ ತಿಂಗಳುಗಳಲ್ಲಿ ಸೊರಗಿದ್ದು ಕಂಡಿತು. ಮೊದಲೇ ಸೊರಗಿದ್ದುದರಿಂದ ಜ್ವರ ಬಂದುದಲ್ಲ. ಜ್ವರ ಮೊದಲು, ಸೊರಗು ಆಮೇಲೆ. ಈ ಜಾತಿಯ ರೋಗಾಣು ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಮಲಗಿದ್ದು, ಮತ್ತೆ ಎದ್ದು ಬರುತ್ತದೆ. ತಾಯಿ ‘ಮತ್ತೆ ಸೊಳ್ಳೆ ಕಚ್ಚಿತೇನೋ’ ಎಂದುಕೊಳ್ಳುತ್ತಾಳೆ. ಅದು ಹಳೆಯ ಬಾಕಿಯೇ.

ಗುಳಿಗೆ ಹಂಚಿದರೆ ಮುಗಿಯಿತೇ?

ರಕ್ತ ಕಡಿಮೆಯಾಗಿದೆಯೇ, ಕಬ್ಬಿಣದ ಗುಳಿಗೆ ಹಂಚಿಬಿಡಿ ಎಂಬುದು ಸರ್ಕಾರಗಳಿಗೆ ಹೊಳೆಯುವ ಸುಲಭ ಉಪಾಯ. ಜಾಂಜಿಬಾರ್‌ಗೆ ಸೇರಿದ ಪೆಂಬಾ ದ್ವೀಪದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. ಮಲೇರಿಯಾ ತುಂಬಿದ್ದ ಆ ದ್ವೀಪದಲ್ಲಿ ಸಾವಿರಾರು ಎಳೆಯ ಮಕ್ಕಳಿಗೆ ದಿನವೂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಕೊಟ್ಟರು. 2006ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಕಬ್ಬಿಣ ಪಡೆದ ಮಕ್ಕಳಲ್ಲಿ ಆಸ್ಪತ್ರೆ ಸೇರಿದವರು ಅಥವಾ ಸತ್ತವರು, ಪಡೆಯದವರಿಗಿಂತ ನೂರಕ್ಕೆ 12ರಷ್ಟು ಹೆಚ್ಚು! ಆ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಆದರೆ ಅದೇ ದ್ವೀಪದಲ್ಲಿ, ಜ್ವರವನ್ನು ಬೇಗ ಕಂಡುಹಿಡಿದು ಔಷಧ ಕೊಡುವ ವ್ಯವಸ್ಥೆ ಇದ್ದ ಮಕ್ಕಳ ಒಂದು ಗುಂಪಿನಲ್ಲಿ, ನಿಜವಾಗಿ ಕಬ್ಬಿಣದ ಕೊರತೆ ಇದ್ದವರಿಗೆ ಅದರಿಂದ ಲಾಭವೇ ಆಯಿತು. ಮಲೇರಿಯಾ ಇರುವಲ್ಲಿ ಕಬ್ಬಿಣ ಕೊಡುವುದಾದರೆ ಮಲೇರಿಯಾ ತಡೆಯುವ, ಗುಣಪಡಿಸುವ ಏರ್ಪಾಡಿನೊಡನೆಯೇ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿ. ರೋಗವನ್ನು ಬಿಟ್ಟು ಕೊರತೆಯನ್ನು ಮಾತ್ರ ತುಂಬಲು ಹೋದರೆ ಕೆಲವೊಮ್ಮೆ ಕಳ್ಳನಿಗೇ ಬುತ್ತಿ ಕಟ್ಟಿದಂತಾಗುತ್ತದೆ.

ಇದನ್ನು ಕೇಳಿ ನಮ್ಮ ಊರಿನ ತಾಯಂದಿರು ಅಂಗನವಾಡಿಯಲ್ಲಿ ಕೊಡುವ ಕಬ್ಬಿಣದ ಔಷಧವನ್ನು ಚೆಲ್ಲಬಾರದು. ಪೆಂಬಾದ ಮಾತು ಮಲೇರಿಯಾ ತುಂಬಿ ತುಳುಕುವ ಸ್ಥಳದ್ದು. ನಮ್ಮಲ್ಲಿ ಅದು ಬೇಕಾದ ಔಷಧವೇ.

ತಡೆಯುವ ದಾರಿಗಳು ಇವೆ, ಅಗ್ಗವಾಗಿಯೂ ಇವೆ. ಕೀಟನಾಶಕ ಲೇಪಿಸಿದ ಸೊಳ್ಳೆಪರದೆಯನ್ನು ಹಳ್ಳಿಗೆ ಹಳ್ಳಿಯೇ ಕಟ್ಟಿದಾಗ ಪಶ್ಚಿಮ ಕೆನ್ಯಾದಲ್ಲಿ ಕೂಸುಗಳ ತೂಕವೂ ಏರಿತು, ರಕ್ತವೂ ಸುಧಾರಿಸಿತು. ಮಳೆಗಾಲದ ತಿಂಗಳುಗಳಲ್ಲಿ ಮಾತ್ರ ಮಲೇರಿಯಾ ಏರುವ ಸಹಾರಾ ಮರುಭೂಮಿಯ ದಕ್ಷಿಣದಂಚಿನ ನಾಡುಗಳಲ್ಲಿ, ಆ ತಿಂಗಳುಗಳಲ್ಲಿ ಮಕ್ಕಳಿಗೆ ಮುಂಚಿತವಾಗಿಯೇ ಗುಳಿಗೆ ಕೊಡುವ ಕ್ರಮವನ್ನು 2012ರಿಂದ ಅನುಸರಿಸುತ್ತಿದ್ದಾರೆ. 2023ರಲ್ಲಿ ಸುಮಾರು 5 ಕೋಟಿ 30 ಲಕ್ಷ ಮಕ್ಕಳಿಗೆ ಅದು ತಲುಪಿತು. ಲಸಿಕೆಯೂ ಬಂದಿದೆ. 2021ರಲ್ಲಿ ಒಂದಕ್ಕೂ 2023ರಲ್ಲಿ ಇನ್ನೊಂದಕ್ಕೂ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಎರಡನೆಯದನ್ನು ಆಕ್ಸ್‌ಫರ್ಡಿನವರು ರೂಪಿಸಿದರು, ತಯಾರಾಗುವುದು ನಮ್ಮ ಪುಣೆಯಲ್ಲಿ. ಹಣದ ಮಾತಿಗೆ ಬಂದರೆ, 2023ರಲ್ಲಿ ಜಗತ್ತಿಗೆ ಮಲೇರಿಯಾ ಕೆಲಸಕ್ಕೆ ಬೇಕಾದದ್ದು 830 ಕೋಟಿ ಡಾಲರು, ಕೂಡಿಬಂದದ್ದು ಸುಮಾರು 400 ಕೋಟಿ. ಅರ್ಧಕ್ಕೂ ಕಡಿಮೆ. ಯುದ್ಧ ಸಾಮಗ್ರಿಯ ಪಟ್ಟಿಯಲ್ಲಿ ಇಂತಹ ಕೊರತೆ ಬಿದ್ದುದನ್ನು ನಾನಂತೂ ಕೇಳಿಲ್ಲ.

ಕೆನೆಬಾಕ್ಕೆ ಮತ್ತೊಮ್ಮೆ ಹೋಗಬೇಕು, ಏಕೆಂದರೆ ಅಲ್ಲಿಯ ಕತೆಯ ಮುಂದಿನ ಭಾಗವೇ ನಮಗೆ ಮುಖ್ಯ. ಆ ಹಳ್ಳಿಗೂ ಪಕ್ಕದ ಎರಡು ಹಳ್ಳಿಗಳಿಗೂ ಉಚಿತ ವೈದ್ಯಕೀಯ ನೆರವು ಬಂದಿತು, ಕೊಳವೆ ಬಾವಿ ಬಂದಿತು, ಕಕ್ಕಸು ಬಂದಿತು, ಲಸಿಕೆ ಬಂದಿತು, ಸೊಳ್ಳೆಪರದೆ ಬಂದಿತು. ಮಲೇರಿಯಾ ಬಹಳ ಮಟ್ಟಿಗೆ ಇಳಿಯಿತು. 1970ರ ದಶಕದ ನಡುವಿನಿಂದ 2012ರವರೆಗಿನ ಮೂರೂವರೆ ಸಾವಿರಕ್ಕೂ ಹೆಚ್ಚು ಮಕ್ಕಳ ಅಳತೆಗಳನ್ನು ಕೂಡಿಸಿ ನೋಡಿ 2017ರಲ್ಲಿ ಪ್ರಕಟಿಸಿದರು. ಎರಡು ವರ್ಷದ ವಯಸ್ಸಿಗೆ ಕುಳ್ಳಗೆ ಉಳಿದವರು ಮೊದಲು ನೂರಕ್ಕೆ 57 ಇದ್ದದ್ದು 30ಕ್ಕೆ ಇಳಿದಿತ್ತು. ಇದು ಸಣ್ಣ ಗೆಲುವಲ್ಲ. ಆದರೆ ಅಷ್ಟು ನೆರವಿನ ಬಳಿಕವೂ, ಅಷ್ಟು ಡಾಕ್ಟರರ ಕಣ್ಣೆದುರಿಗೇ, ಮೂವತ್ತು ಮಂದಿ ಹಾಗೇ ಉಳಿದರು. ಮನೆ ಅದೇ, ಅಂಗಳದ ಕೊಳಕು ಅದೇ, ಗಂಜಿಯ ಗಡಿಗೆ ಅದೇ, ತಾಯಿಯ ಮೈಮುರಿಯುವ ದುಡಿಮೆ ಅದೇ ಆಗಿದ್ದರೆ ಮತ್ತೇನಾದೀತು?

ನಾನು ಈ ಭಾಷಣದಲ್ಲಿ ಹೇಳಬೇಕೆಂದು ಬಂದ ಮಾತು ಇದೇ. ಜ್ವರ ಮಗುವಿನ ಮೈಯಿಂದ ಸಾಲ ಎತ್ತುತ್ತದೆ. ಚೆನ್ನಾಗಿ ಉಣ್ಣುವ ಮನೆಯಲ್ಲಿ ಆ ಸಾಲ ಮೂರು ನಾಲ್ಕು ವಾರದಲ್ಲಿ ತೀರುತ್ತದೆ. ಮಗು ಹಸಿದು ಹಸಿದು ತಿಂದು ಹೋದ ತೂಕವನ್ನು ಹಿಂದಕ್ಕೆ ಪಡೆಯುತ್ತದೆ. ಉಣ್ಣದ ಮನೆಯಲ್ಲಿ ಹಿಂದಿನ ಸಾಲ ತೀರುವ ಮೊದಲೇ ಮುಂದಿನ ಜ್ವರ ಬರುತ್ತದೆ, ಬಡ್ಡಿ ಅಸಲಿಗೆ ಸೇರುತ್ತದೆ. ಜ್ವರವನ್ನು ಓಡಿಸದೆ ಅನ್ನ ಕೊಟ್ಟರೆ ಅರ್ಧ ಕೆಲಸ, ಅನ್ನ ಕೊಡದೆ ಜ್ವರ ಓಡಿಸಿದರೂ ಅರ್ಧ ಕೆಲಸ.

ನಮ್ಮ ಮನೆಯ ಲೆಕ್ಕ

ಇನ್ನು ಮೊದಲು ಕೇಳಿದ ಪ್ರಶ್ನೆ. ನಮಗೇಕೆ ಇದು? ಸ್ವಾತಂತ್ರ್ಯ ಬಂದ 1947ರ ಕಾಲದಲ್ಲಿ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಮಂದಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಮಂದಿ ಸಾಯುತ್ತಿದ್ದರೆಂದು ಅಂದಾಜು. ನಮ್ಮ ಮಲೆನಾಡಿನ ಸೆರಗೂ ಮಂಡ್ಯದ ನಾಲೆಯ ಬಯಲೂ ಈ ಜ್ವರಕ್ಕೆ ಹೆಸರಾಗಿದ್ದವು. ಮನೆಯ ಗೋಡೆಗಳಿಗೆ ಡಿಡಿಟಿ ಸಿಂಪಡಿಸಿ ಇಡೀ ಸೀಮೆಯಿಂದ ಮಲೇರಿಯಾವನ್ನು ಹೊಡೆದಟ್ಟಬಹುದೆಂಬುದನ್ನು ಈ ದೇಶದಲ್ಲಿ ಮೊದಮೊದಲು ತೋರಿಸಿಕೊಟ್ಟ ಸ್ಥಳಗಳಲ್ಲಿ ಧಾರವಾಡ ಮತ್ತು ಕಾರವಾರ ಜಿಲ್ಲೆಗಳೂ ಸೇರಿವೆ. ಆಗ ಅವು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1946ರಲ್ಲಿ ಡಾಕ್ಟರ್ ಡಿ. ಕೆ. ವಿಶ್ವನಾಥನ್ ಅವರ ಮುಂದಾಳುತನದಲ್ಲಿ ಆ ಕೆಲಸ ನಡೆಯಿತು. ಜ್ವರ ಇಳಿಯಿತೇ ಇಲ್ಲವೇ ಎಂದು ತಿಳಿಯಲು ಅಂದಿನ ಮಲೇರಿಯಾ ಡಾಕ್ಟರರು ಮುಖ್ಯವಾಗಿ ಮಾಡುತ್ತಿದ್ದುದೇನು ಗೊತ್ತೇ? ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡಪಕ್ಕೆ ಒತ್ತಿ ಜ್ವರಗಡ್ಡೆ ಇದೆಯೇ ಎಂದು ನೋಡುವುದು. ಊರಿನ ಮಲೇರಿಯಾಕ್ಕೆ ಮಗುವಿನ ಹೊಟ್ಟೆಯೇ ಅಳತೆಗೋಲಾಗಿತ್ತು.

1953ರಲ್ಲಿ ದೇಶಾದ್ಯಂತ ಹತೋಟಿ ಕಾರ್ಯಕ್ರಮ ಶುರುವಾಯಿತು, 1958ರಲ್ಲಿ ಅದನ್ನು ನಿರ್ಮೂಲನ ಕಾರ್ಯಕ್ರಮವೆಂದು ಕರೆದರು. 1965ರ ಹೊತ್ತಿಗೆ ಇಡೀ ದೇಶದಲ್ಲಿ ಒಂದು ಲಕ್ಷ ಪ್ರಕರಣ. ಗೆದ್ದೆವೆಂದು ಕೈ ಸಡಿಲ ಬಿಟ್ಟರು. ಡಿಡಿಟಿ ಹೊತ್ತಿಗೆ ಬರಲಿಲ್ಲ, ಸೊಳ್ಳೆ ಔಷಧಕ್ಕೆ ಬಗ್ಗದಾಯಿತು, ಹಳ್ಳಿಗಳಲ್ಲಿ ಕಾವಲು ಇಡುವ ಆರೋಗ್ಯ ಕೇಂದ್ರಗಳು ಸಾಲಲಿಲ್ಲ. 1976ರಲ್ಲಿ ಪ್ರಕರಣ 64 ಲಕ್ಷ! ಇದನ್ನು ಮರೆತವರು ಇಂದು ಮತ್ತೆ ಅದೇ ಹಾದಿಯಲ್ಲಿ ಕಾಲಿಟ್ಟಾರು. ಏಕೆಂದರೆ ಈಗ ಮತ್ತೊಮ್ಮೆ ಲೆಕ್ಕ ಇಳಿದಿದೆ: 2015ರಲ್ಲಿ ದೇಶದಲ್ಲಿ ಸುಮಾರು 11 ಲಕ್ಷ 70 ಸಾವಿರವಿದ್ದ ಪ್ರಕರಣ 2023ರಲ್ಲಿ ಸರ್ಕಾರದ ಲೆಕ್ಕದಂತೆ 2 ಲಕ್ಷ 27 ಸಾವಿರ. ನಮ್ಮ ರಾಜ್ಯದ್ದು ಈಚಿನ ವರ್ಷಗಳಲ್ಲಿ ನೂರರ ಲೆಕ್ಕಕ್ಕೆ ಬಂದಿದೆ. ಬಹುಕಾಲ ಮಂಗಳೂರನ್ನು ಕಾಡಿದ ಮಲೇರಿಯಾ ಕೂಡ ಬಹಳ ಇಳಿದಿದೆ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇಟ್ಟು ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಮಲೇರಿಯಾ ಹೋದ ನಾಡಿನಲ್ಲಿ! ಕೆನೆಬಾದ ಮೂವತ್ತನ್ನು ಕೇಳಿ ‘ಅಯ್ಯೋ ಆಫ್ರಿಕ’ ಎಂದು ಮರುಗಿದವರು ಈ ಮೂವತ್ತೈದನ್ನು ಕೇಳಿ ಏನೆನ್ನುತ್ತೀರಿ? ಇಲ್ಲಿ ಸೊಳ್ಳೆಯ ಮೇಲೆ ಹೊರಿಸುವಂತಿಲ್ಲ. ಉಳಿದದ್ದು ಕೂಲಿಯ ದರ, ಬೇಳೆಯ ದರ, ನಲ್ಲಿಯ ನೀರು, ಚರಂಡಿ, ಮತ್ತು ಹೆರಿಗೆಯಾದ ಎಷ್ಟು ದಿನಕ್ಕೆ ಹೆಣ್ಣುಮಗಳು ಮತ್ತೆ ಕೂಲಿಗೆ ಹೊರಡಬೇಕಾಗುತ್ತದೆ ಎಂಬ ಲೆಕ್ಕ.

ಆದರೂ ಜ್ವರವನ್ನು ಮರೆಯುವಂತಿಲ್ಲ. ಪಟ್ಟಣಗಳಲ್ಲಿ ಮಲೇರಿಯಾ ಹರಡುವ ಸೊಳ್ಳೆ ಚರಂಡಿಯದಲ್ಲ; ತಿಳಿನೀರಿನದು. ಮುಚ್ಚಳವಿಲ್ಲದ ಸಿಮೆಂಟ್ ತೊಟ್ಟಿ, ಮಾಳಿಗೆಯ ಮೇಲಿನ ಟಾಂಕಿ, ಬಾವಿ, ಕಟ್ಟಡ ಕಟ್ಟುವಲ್ಲಿ ನಿಂತ ನೀರು ಇವೇ ಅದರ ತವರು. ಗಿರಣಿಯ ಅಂಗಳದ ತೊಟ್ಟಿಗೆ ಮುಚ್ಚಳ ಹಾಕಿಸಿಕೊಳ್ಳುವುದು ಕೆಲಸಗಾರರ ಸಂಘ ಮಾಡಬಹುದಾದ ಕೆಲಸ. ಅಂಗಡಿ ಸಾಲಿನ ಹಿಂದಿನ ಹಳೆಯ ಟೈರು ಡಬ್ಬಿಗಳನ್ನು ತೆಗೆಸುವುದು ವ್ಯಾಪಾರಿಗಳು ಮಾಡಬಹುದಾದದ್ದು. ಟೈರಿನ ನೀರಿನಲ್ಲಿ ಹುಟ್ಟುವುದು ಹೆಚ್ಚಾಗಿ ಡೆಂಗಿ ಸೊಳ್ಳೆ, ಆದರೂ ಒಂದೇ ಕೈಯಲ್ಲಿ ಎರಡು ಕೆಲಸ. ಮಲೇರಿಯಾ ಇನ್ನೂ ಇರುವ ಒಡಿಶಾ, ಜಾರ್ಖಂಡ, ಛತ್ತೀಸಗಡಗಳಿಂದ ಕೂಸು ಕಟ್ಟಿಕೊಂಡು ಕಟ್ಟಡದ ಕೆಲಸಕ್ಕೆ ಬಂದವರು ನಮ್ಮ ಊರುಗಳಲ್ಲೂ ಇದ್ದಾರೆ. ಅವರನ್ನು ರೋಗ ತಂದವರೆಂದು ದೂರವಿಡುವುದು ಬೇಡ. ಅವರ ಡೇರೆಗೆ ಸೊಳ್ಳೆಪರದೆಯೂ ಆಶಾ ಕಾರ್ಯಕರ್ತೆಯೂ ತಲುಪುವಂತೆ ಮಾಡಿದರೆ ಅವರ ಮಗುವಿಗೂ ಒಳಿತು, ನಮ್ಮ ಮಗುವಿಗೂ ಒಳಿತು.

ಮಗುವಿಗೆ ಜ್ವರ ಬಂದರೆ ಅಂಗಡಿಯ ಗುಳಿಗೆ ಕೊಟ್ಟು ಎರಡು ದಿನ ಕಾಯಬೇಡಿ. ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಲೇರಿಯಾದ ಪರೀಕ್ಷೆಯೂ ಔಷಧವೂ ಉಚಿತ. ವೈವಾಕ್ಸ್ ಎಂದು ತಿಳಿದರೆ ಮೂರು ದಿನದ ಕ್ಲೋರೋಕ್ವಿನ್ ಜೊತೆಗೆ, ಮಲಗಿರುವ ರೋಗಾಣುವನ್ನು ಕೊಲ್ಲಲು 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಒಂದು ವರ್ಷದೊಳಗಿನ ಕೂಸಿಗೂ ಬಸುರಿಗೂ ಅದನ್ನು ಕೊಡುವುದಿಲ್ಲ. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತೆಂದು ಉಳಿದ ಗುಳಿಗೆಗಳನ್ನು ಗೂಡಿನಲ್ಲಿಡುವ ಮನೆಗಳೇ ಹೆಚ್ಚು. ಹದಿನಾಲ್ಕೂ ದಿನ ಕೊಡಬೇಕು.

ಜ್ವರದಲ್ಲಿ ಮೊಲೆಹಾಲು ನಿಲ್ಲಿಸಬಾರದು, ‘ಲಂಘನ’ ಎಂದು ಮಗುವನ್ನು ಉಪವಾಸ ಕೆಡವಬಾರದು. ಜ್ವರ ಬಿಟ್ಟ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ ಕೊಡಿ: ಗಟ್ಟಿ ಬೇಳೆ ಕಲಸಿದ ಅನ್ನ, ರಾಗಿ ಅಂಬಲಿಗೆ ಒಂದು ಚಮಚ ಎಣ್ಣೆ, ಆದೀತೆಂದರೆ ಮೊಟ್ಟೆ, ಹುರಿದು ನುಣ್ಣಗೆ ಪುಡಿಮಾಡಿದ ಶೇಂಗಾ. ಅಂಗನವಾಡಿಯಲ್ಲಿ ತಕ್ಕಡಿ ಇದೆ. ಜ್ವರ ಬಿಟ್ಟ ದಿನ ಒಮ್ಮೆ, ಎರಡು ವಾರದ ಮೇಲೆ ಮತ್ತೊಮ್ಮೆ ಮಗುವನ್ನು ತೂಗಿಸಿ, ಎರಡನ್ನೂ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಏರದಿದ್ದರೆ ಆ ಕಾರ್ಡನ್ನು ಹಿಡಿದು ಡಾಕ್ಟರರ ಬಳಿಗೆ ಹೋಗಿ.